ಕಾಕಾ, ಬಂದೂಕು ಕೊಂಡದ್ದು ನಿಜ

ಲಬಕ್, ಟೆಕ್ಸಾಸ್
ಅಕ್ಟೋಬರ್ 12

ತೀರ್ಥರೂಪ ಸಮಾನರಾದ ಕಾಕಾ ಅವರಿಗೆ ನಮಸ್ಕಾರಗಳು.

ನಾವು ಇಲ್ಲಿ ಕ್ಷೇಮ. ಫೋನ್ ಬಿಟ್ಟು ಕಾಗದ ಹಿಡಿದದ್ದೇಕೆಂದರೆ, ಫೋನ್ ಮಾಡಿದಾಗಲೆಲ್ಲ ಅವ್ವ ಸ್ಪೀಕರ್ ಹಾಕಿಸಿಕೊಂಡು ಪಕ್ಕದಲ್ಲೇ ಕುಳಿತಿರುತ್ತಾಳೆ. ಬಂದೂಕಿನ ಮಾತು ಬಂದರೆ ಸಾಕು, ಅಳು ಶುರು. ತಂಗಿ ಹೇಳಿದ ಸುದ್ದಿ ನಿಜ, ಕೊಂಡಿದ್ದೇನೆ. ಆದರೆ ಅವ್ವ ಟಿ.ವಿ.ಯಲ್ಲಿ ನೋಡಿ ಹೆದರುವ ಬಂದೂಕು ಇದಲ್ಲ. ನಮ್ಮ ಮನೆಯಲ್ಲಿರುವ ಅಜ್ಜನ ಒಂಟಿನಳಿಗೆ ಬಂದೂಕಿನ ತಮ್ಮ ಅನ್ನಿ. ನೀವು ಓದಿ, ಅವಳಿಗೆ ಎಷ್ಟು ಹೇಳಬೇಕೋ ಅಷ್ಟು ಹೇಳಿ.

ನಾನು ಹೊಡೆಯುವುದು ಮಣ್ಣಿನ ಬಿಲ್ಲೆಗಳಿಗೆ. ಮಣ್ಣು ಎನ್ನುವುದು ಹೆಸರಿಗೆ ಮಾತ್ರ. ಸುಣ್ಣಕಲ್ಲಿನ ಪುಡಿಗೆ ಡಾಂಬರಿನಂಥ ಅಂಟು ಸೇರಿಸಿ ಅಚ್ಚು ಹೊಯ್ದದ್ದು. ಅಗಲ ಸುಮಾರು 11 ಸೆಂ.ಮೀ., ಉಪ್ಪಿನಕಾಯಿ ಭರಣಿಯ ಮುಚ್ಚಳದಷ್ಟು. ಯಂತ್ರವೊಂದು ಅದನ್ನು ಗಂಟೆಗೆ 65–70 ಕಿ.ಮೀ. ವೇಗದಲ್ಲಿ ಎಸೆಯುತ್ತದೆ. ಒಂದು ಸುತ್ತಿಗೆ 25 ಬಿಲ್ಲೆ. ಬಿಲ್ಲೆ ಇರುವಲ್ಲಿಗೆ ಹೊಡೆದರೆ ತಪ್ಪಿತು, ಅದು ಹೋಗಿ ಮುಟ್ಟುವಲ್ಲಿಗೆ ಹೊಡೆಯಬೇಕು. ಕಲಿಸಲು ಬಂದ ಮುದುಕರಿಗೆ ನಾನು ಜಂಬದಿಂದ ಹೇಳಿದೆ: ಹಿಂಗಾರಿ ಜೋಳ ಹಾಲುಗಾಳಿಗೆ ಬಂದಾಗ ಅಟ್ಟಣೆ ಹತ್ತಿ ಕವಣೆ ಬೀಸಿದವನು ನಾನು, ಇದನ್ನೆಲ್ಲ ನಮ್ಮ ಕಾಕಾ ಕಲಿಸಿದ್ದಾರೆ ಎಂದು. ಮೊದಲ ಸುತ್ತಿನಲ್ಲಿ ಒಡೆದದ್ದು ಏಳು. ಅವರು ಏನೂ ಅನ್ನಲಿಲ್ಲ, ಇನ್ನೊಂದು ಡಬ್ಬಿ ಕಾಡತೂಸು ಮುಂದಿಟ್ಟರು.

ನೀವು ಚಿಕ್ಕಂದಿನಲ್ಲಿ ಉತ್ತರಿಸದೆ ಬಿಟ್ಟ ಪ್ರಶ್ನೆಯೊಂದಕ್ಕೆ ಇಲ್ಲಿ ಉತ್ತರ ಸಿಕ್ಕಿತು. ಹನ್ನೆರಡು ಬೋರ್ ಎಂದರೇನು ಎಂದು ಕೇಳಿದ್ದಕ್ಕೆ ‘ಹನ್ನೆರಡು ಬೋರ್ ಎಂದರೆ ಹನ್ನೆರಡು ಬೋರ್’ ಎಂದು ಗದರಿಸಿದ್ದಿರಿ. ಒಂದು ಪೌಂಡ್ ಸೀಸದಲ್ಲಿ ಸಮನಾದ ಹನ್ನೆರಡು ಗುಂಡು ಮಾಡಿದರೆ, ಅದರಲ್ಲಿ ಒಂದು ಗುಂಡು ಎಷ್ಟು ದಪ್ಪವೋ ನಳಿಗೆಯ ಒಳಗಣ ಅಗಲ ಅಷ್ಟು: ಸುಮಾರು 18.5 ಮಿ.ಮೀ. ಅದಕ್ಕೇ ಇಪ್ಪತ್ತು ಬೋರ್ ಹನ್ನೆರಡಕ್ಕಿಂತ ಸಣ್ಣದು.

ನಾನು ಕೊಂಡದ್ದು ಸೆಮಿ ಆಟೊಮ್ಯಾಟಿಕ್ ಎಂದರೆ ಗಾಬರಿಯಾಗಬೇಡಿ. ಒಂದು ಸಲ ಕುದುರೆ ಎಳೆದರೆ ಹಾರುವುದು ಒಂದೇ. ಖಾಲಿ ಕಾಡತೂಸನ್ನು ಹೊರಗೆ ಚೆಲ್ಲಿ ಮುಂದಿನದನ್ನು ತುಂಬಿಕೊಳ್ಳುವ ಕೆಲಸ ಮಾತ್ರ ಬಂದೂಕಿನದು. ಅದರಲ್ಲಿ ಎರಡು ಜಾತಿ. ಒಂದು, ಒದೆತದ ಬಲವನ್ನು ಸ್ಪ್ರಿಂಗಿನಲ್ಲಿ ಹಿಡಿದು ಕೆಲಸ ಮಾಡುವುದು. ಇಟಲಿಯ ಬೆನೆಲ್ಲಿಯವರು ಹೆಸರು ಮಾಡಿದ್ದು ಇದರಲ್ಲಿ. ಹಗುರ, ಒಳಗೆ ಮಸಿ ಕಡಿಮೆ. ಇನ್ನೊಂದು, ಸಿಡಿಮದ್ದಿನ ಅನಿಲವನ್ನೇ ಸ್ವಲ್ಪ ಕದ್ದು ಅದರ ಒತ್ತಡದಿಂದ ನಡೆಯುವುದು. ತೂಕ ಹೆಚ್ಚು, ಮಸಿಯೂ ಹೆಚ್ಚು, ಆದರೆ ಭುಜಕ್ಕೆ ಮೆತ್ತಗೆ.

ಅಂಗಡಿಯಲ್ಲಿ ಬೆರೆಟ್ಟಾ ಕಂಪನಿಯ ಬಂದೂಕೊಂದನ್ನು ಕೈಗೆ ಕೊಟ್ಟರು. ಆ ಮನೆತನದವರು ವೆನಿಸ್‌ಗೆ ನಳಿಗೆ ಮಾರಿದ ಲೆಕ್ಕ 1526ರದ್ದು ಇದೆಯಂತೆ. ಆಗ ನಮ್ಮ ಹಂಪಿಯಲ್ಲಿ ಕೃಷ್ಣದೇವರಾಯ ಆಳುತ್ತಿದ್ದ. ಬಂದೂಕು ಚೆನ್ನಾಗಿಯೇ ಇತ್ತು, ಬೆಲೆ ಕೇಳಿ ಮೆಲ್ಲಗೆ ಕೆಳಗಿಟ್ಟೆ.

ಮೊದಲು ನನಗೆ ಹಿಡಿಸಿದ್ದು ಸ್ಪ್ರಿಂಗಿನ ಹಗುರ ಬಂದೂಕೇ. ಗೆಳೆಯರೊಬ್ಬರಿಂದ ಅಂಥದೊಂದನ್ನು ಕಡ ತಂದು ಒಂದು ಮಧ್ಯಾಹ್ನ ನೂರು ಕಾಡತೂಸು ಹಾರಿಸಿದೆ. ರಾತ್ರಿ ಅಂಗಿ ಬಿಚ್ಚಿದರೆ ಎಡಭುಜ ಮುಳಗಾಯಿ ಬಣ್ಣಕ್ಕೆ ತಿರುಗಿತ್ತು. ಅಗ್ಗದ, ಕಡಿಮೆ ಮದ್ದಿನ ಕಾಡತೂಸು ಹಾಕಿದಾಗ ಎರಡು ಸಲ ಖಾಲಿ ಕಾಡತೂಸು ಹೊರಬರುವಲ್ಲೇ ಸಿಕ್ಕಿಕೊಂಡಿತು. ಹಗುರ ಬಂದೂಕು ದಿನವಿಡೀ ಹೊತ್ತು ತಿರುಗುವವನಿಗೆ. ನಿಂತಲ್ಲೇ ನಿಂತು ನೂರು ಸಲ ಹೊಡೆಯುವವನಿಗೆ ತೂಕವೇ ವರ.

ಎಡಭುಜ ಎಂದೆನಲ್ಲ, ತೊಂದರೆ ಅಲ್ಲೇ ಇತ್ತು. ಬಲಗೈಯಲ್ಲಿ ಉಣ್ಣಲಿ ಎಂದು ಅವ್ವ ಎಷ್ಟು ಬಡಿದರೂ ನಾನು ಎಡಚನಾಗಿಯೇ ಉಳಿದೆ. ಸಾಮಾನ್ಯ ಬಂದೂಕು ಖಾಲಿ ಕಾಡತೂಸನ್ನು ಬಲಕ್ಕೆ ಚೆಲ್ಲುತ್ತದೆ; ಎಡಭುಜಕ್ಕೆ ಇಟ್ಟವನ ಮೂಗಿನ ಮುಂದೆಯೇ ಹಾದು ಹೋಗುತ್ತದೆ. ಎಷ್ಟೋ ಎಡಚರು ಅದಕ್ಕೆ ಹೊಂದಿಕೊಳ್ಳುತ್ತಾರೆ. ನಾನು ಪ್ರತಿ ಸಲವೂ ಕಣ್ಣು ಮಿಟುಕಿಸುತ್ತಿದ್ದೆ.

ಕಡೆಗೆ ಸಿಕ್ಕಿದ್ದು ಎಡಗೈಯವರಿಗೆಂದೇ ಮಾಡಿದ ಹಳೆಯ ರೆಮಿಂಗ್ಟನ್ 1100. 1963ರಲ್ಲಿ ಬಂದ ಮಾದರಿ, ಅನಿಲದಿಂದ ನಡೆಯುವುದು. 28 ಅಂಗುಲದ ನಳಿಗೆ, ತೂಕ ಮೂರೂವರೆ ಕೆ.ಜಿ.ಗೂ ಸ್ವಲ್ಪ ಹೆಚ್ಚು, ಭುಜಕ್ಕೆ ಆನಿಸುವ ಹಿಡಿ ಆಕ್ರೋಟ ಮರದ್ದು. ಕಾಡತೂಸಿನೊಳಗಿನ ಕಾಳುಗಳು ಬೇಗ ಚದುರದಿರಲೆಂದು ನಳಿಗೆಯ ಬಾಯಿ ಅರ್ಧ ಬಿಗಿ. ಬೇಕೆಂದಾಗ ಬದಲಿಸಲು ಬರುವುದಿಲ್ಲ. ಹತ್ತಿರದ ಬಿಲ್ಲೆಗೆ ಸ್ವಲ್ಪ ಬಿಗಿಯಾಯಿತು, ದೂರದ್ದಕ್ಕೆ ಸರಿ. ಒಳಗೆ ಉದ್ದಿನ ವಡೆಯ ತೂತಿನಷ್ಟು ಅಗಲದ ಒಂದು ರಬ್ಬರ್ ಉಂಗುರವಿದೆ. ಅನಿಲ ಸೋರದಂತೆ ತಡೆಯುವುದು ಅದೇ. ಅದು ಹರಿದರೆ ಕಾಡತೂಸು ಹೊರಗೆ ಬೀಳುವುದಿಲ್ಲ, ಗ್ಯಾಸ್ಕೆಟ್ ಹೋದ ಕುಕ್ಕರ್ ಸೀಟಿ ಹೊಡೆಯದಂತೆ. ಅವ್ವನಿಗೆ ಹೇಳುವುದಾದರೆ ಇದನ್ನೇ ಹೇಳಿ, ಅರ್ಥವಾಗುತ್ತದೆ. ಎರಡು ಉಂಗುರ ತಂದು ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇನೆ.

ನಮ್ಮಲ್ಲಿ ಜಿಲ್ಲಾಧಿಕಾರಿಗಳ ಪರವಾನಗಿ ಬೇಕು. ಇಲ್ಲಿ ಅಂಗಡಿಯಲ್ಲೇ 4473 ಎಂಬ ಫಾರಂ ತುಂಬಬೇಕು, ಅವರು ಎಫ್‌ಬಿಐ ದಾಖಲೆಯಲ್ಲಿ ನಮ್ಮ ಹೆಸರು ಪರೀಕ್ಷಿಸುತ್ತಾರೆ. ಕೆಲಸದ ವೀಸಾದಲ್ಲಿ ಇರುವವರಿಗೆ ಬೇಟೆಯ ಪರವಾನಗಿಯಂಥ ವಿನಾಯಿತಿ ಇಲ್ಲದೆ ಬಂದೂಕು ಇಟ್ಟುಕೊಳ್ಳುವಂತಿಲ್ಲ. ನನಗೆ ಗ್ರೀನ್ ಕಾರ್ಡ್ ಬಂದದ್ದರಿಂದ ಆ ತೊಡಕಿರಲಿಲ್ಲ. ಮನೆಯಲ್ಲಿ ಅದು ಕಬ್ಬಿಣದ ಕಪಾಟಿನಲ್ಲಿದೆ, ಕಾಡತೂಸು ಬೇರೆ ಕಡೆ, ಎರಡರ ಬೀಗದ ಕೈಯೂ ನಿಮ್ಮ ಸೊಸೆಯ ಹತ್ತಿರ. ಇದನ್ನು ತಪ್ಪದೆ ಅವ್ವನಿಗೆ ಹೇಳಿ.

ಇನ್ನು ಹಕ್ಕಿಯ ವಿಷಯ. ಮುಚ್ಚಿಡುವುದಿಲ್ಲ, ಸೆಪ್ಟೆಂಬರ್ 1ರಂದು ಬೆಳವನ ಬೇಟೆ ಶುರುವಾದಾಗ ನಾನೂ ಹೋಗಿದ್ದೆ. ಅದಕ್ಕೆ ಮೊದಲೇ ಒಂದು ತರಬೇತಿ ಮುಗಿಸಿ ಪರವಾನಗಿ ಪಡೆಯಬೇಕು. ದಿನಕ್ಕೆ ಒಬ್ಬರಿಗೆ 15ಕ್ಕಿಂತ ಹೆಚ್ಚು ಹೊಡೆಯುವಂತಿಲ್ಲ. ಬಂದೂಕಿನಲ್ಲಿ ಮೂರಕ್ಕಿಂತ ಹೆಚ್ಚು ಕಾಡತೂಸು ಹಿಡಿಯಬಾರದೆಂದು, ಕಾಡತೂಸು ತುಂಬುವ ಕೊಳವೆಯೊಳಗೆ ಒಂದು ಕಟ್ಟಿಗೆಯ ಕಡ್ಡಿ ತೂರಿಸಬೇಕು. ಜೋಳದ ಹೊಲದ ಬದುವಿನಲ್ಲಿ ಕುಳಿತಿದ್ದೆವು. ಇಲ್ಲಿಯ ಜೋಳ ಗಿಡ್ಡ, ಕೆಂಪು ತೆನೆ, ದನಕ್ಕೆ ಹಾಕಲು ಬೆಳೆಯುತ್ತಾರೆ. ರೊಟ್ಟಿ ತಿನ್ನುವವರು ಯಾರೂ ಇಲ್ಲ. ಬೆಳವಗಳು ಬಂದವು, ಹನ್ನೊಂದು ಸಲ ಹೊಡೆದೆ, ಒಂದೂ ಬೀಳಲಿಲ್ಲ. ಅವ್ವನಿಗೆ ಸಮಾಧಾನ, ನನಗೆ ಅವಮಾನ.

ಬಾತು, ಹೆಬ್ಬಾತುಗಳ ಗೋಜಿಗೆ ನಾನು ಹೋಗುವುದಿಲ್ಲ. ಕೆರೆಯ ತಳಕ್ಕೆ ಬಿದ್ದ ಸೀಸದ ಕಾಳುಗಳನ್ನು ನುಂಗಿ ಹಕ್ಕಿಗಳು ವಿಷವೇರಿ ಸಾಯುತ್ತಿದ್ದವೆಂದು 1991ರಿಂದ ಇಲ್ಲಿ ಅವುಗಳ ಬೇಟೆಗೆ ಸೀಸ ನಿಷೇಧ. ಸೀಸದ ಬದಲಿಗೆ ಬಳಸುವ ಉಕ್ಕಿನ ಕಾಳನ್ನು ನನ್ನ ಹಳೆಯ ನಳಿಗೆಯಲ್ಲಿ ಹಾರಿಸಲು ನನಗೆ ಮನಸ್ಸಿಲ್ಲ. ಅದಲ್ಲದೆ, ಹೆಬ್ಬಾತು ಎಂದಾಗ ನೆನಪಾಗುವುದು ನಮ್ಮ ಗದಗ ಸೀಮೆಯ ಮಾಗಡಿ ಕೆರೆಯದೇ. ನಮ್ಮ ಶೇಂಗಾ ಹೊಲಕ್ಕೆ ಅವು ಇಳಿದರೂ ನೀವು ಬಂದೂಕು ಮುಟ್ಟಿದವರಲ್ಲ, ಬೈದು ಸುಮ್ಮನಾಗುತ್ತಿದ್ದಿರಿ. 2024ರಲ್ಲಿ ಕೆರೆ, ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿ ಸೇರಿದ ಮೇಲೆ ನೋಡಲು ಬರುವ ಜನ ಹೆಚ್ಚಾಗಿದ್ದಾರೆಯೇ? ಈ ಸಲ ಹಿಂಡು ಬಂದಾಗ ತಿಳಿಸಿ.

ನಿಮ್ಮಿಂದ ಒಂದು ಕೆಲಸವಾಗಬೇಕು. ಈ ಬಂದೂಕಿನ ಹಿಡಿ ನನ್ನ ತೋಳಿಗೆ ಉದ್ದವಾಗಿದೆ. ಎತ್ತುವಾಗ ಕಂಕುಳಲ್ಲಿ ಅಂಗಿಗೆ ಸಿಕ್ಕಿಕೊಳ್ಳುತ್ತದೆ. ಮರ ಕತ್ತರಿಸಿ ಕೊಡುವವರಿದ್ದಾರೆ. ಕತ್ತರಿಸಿದ ಮೇಲೆ ಬೆಳೆಯುವುದಿಲ್ಲವಲ್ಲ, ಅಳತೆ ಸರಿಯಾಗಿರಬೇಕು. ಅಜ್ಜನ ಬಂದೂಕು ನನ್ನ ಭುಜಕ್ಕೆ ಹೇಳಿ ಮಾಡಿಸಿದಂತೆ ಕೂರುತ್ತಿತ್ತು. ಅದರ ಕುದುರೆಯಿಂದ ಹಿಡಿಯ ತುದಿಯ ನಡುವಿನವರೆಗೆ ಟೇಪು ಹಿಡಿದು ಅಳೆದು ತಿಳಿಸಿ. ಚುನಾವಣೆಗೆಂದು ಠಾಣೆಯಲ್ಲಿ ಜಮಾ ಮಾಡಿದ್ದರೆ ಅವಸರವಿಲ್ಲ, ಬಿಡಿಸಿಕೊಂಡು ಬಂದ ಮೇಲೆ ಅಳೆಯಿರಿ.

ನಿಮ್ಮ ಎಡಚ ಮಗ