ಭಾನುವಾರದ ಓದುಕೂಟ: ದಯವಿಟ್ಟು ಹೆಸರು ಕೊಡಿ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 10.30ಕ್ಕೆ ನಮ್ಮ ಆನ್‌ಲೈನ್ ಓದುಕೂಟ. ಈ ಸಲ ಪತ್ರಕರ್ತೆ ಚಿತ್ರಾ ಸುಬ್ರಮಣಿಯಂ ಅವರ ಬೋಫೋರ್ಸ್ ವರದಿಗಳು.

1986ರಲ್ಲಿ ಸ್ವೀಡನ್‌ನ ಬೋಫೋರ್ಸ್ ಕಂಪನಿಯಿಂದ ಭಾರತಕ್ಕೆ 410 ಫಿರಂಗಿಗಳ ಖರೀದಿ ಒಪ್ಪಂದವಾಯಿತು. ಮರುವರ್ಷ ಏಪ್ರಿಲ್‌ನಲ್ಲಿ ಲಂಚದ ಸುದ್ದಿ ಹೊರಹಾಕಿದ್ದು ಸ್ವೀಡನ್ ರೇಡಿಯೊ. ಆದರೆ ಬರೀ ಆರೋಪ ಸಾಲದು, ದಾಖಲೆ ಬೇಕು ಅಲ್ವಾ? ಜಿನೀವಾದಿಂದ ‘ದಿ ಹಿಂದೂ’ಗೆ ಬರೆಯುತ್ತಿದ್ದ ಚಿತ್ರಾ ಅದರ ಬೆನ್ನು ಹತ್ತಿದರು. ದಾಖಲೆ ಕೊಟ್ಟವರು ಸ್ವೀಡನ್ ಪೊಲೀಸ್ ಅಧಿಕಾರಿ ಸ್ಟೆನ್ ಲಿಂಡ್‌ಸ್ಟ್ರೋಮ್. ಆ ಹೆಸರು 2012ರವರೆಗೆ ಹೊರಬರಲೇ ಇಲ್ಲ! ನನಗಂತೂ ಸ್ಕೂಪ್‌ಗಿಂತ ಇದೇ ದೊಡ್ಡದು. ಸುದ್ದಿಮೂಲವನ್ನು ಕಾಪಾಡುವ ಬಗ್ಗೆಯೇ ಜಾಸ್ತಿ ಮಾತಾಡೋಣ.

ಚರ್ಚೆ ಶುರುಮಾಡಲು ಇಬ್ಬರು ಬೇಕು. ಹೊಸಬರಾದರೆ ಇನ್ನೂ ಖುಷಿ. ಬರುವವರು ಶುಕ್ರವಾರದೊಳಗೆ ಇಲ್ಲೇ ಹೆಸರು ಬರೆಯಿರಿ. ಸುಮ್ನೆ ಹೆಬ್ಬೆರಳು ಒತ್ತಿದರೆ ಲೆಕ್ಕಕ್ಕಿಲ್ಲ! ಲಿಂಕ್ ಶನಿವಾರ ಸಂಜೆ ಹಾಕುತ್ತೇನೆ.