ಅಸುಕದಲ್ಲಿ ಒಂದು ದಿನ ಸೈಕಲ್ ತುಳಿ ಮಾರಾಯ

ಗೆಳೆಯಾ,

ಜಪಾನಿಗೆ ಬಂದಾಗ ಕ್ಯೋಟೋ, ನಾರಾ ಅಂತ ಓಡಾಡಿ ಸುಸ್ತಾಗಬೇಡ. ಒಂದು ದಿನ ಅಸುಕ ಹಳ್ಳಿಗೆ ಇಟ್ಟುಕೋ. ಒಸಾಕಾದ ಅಬೆನೋಬಾಶಿಯಲ್ಲಿ ಕಿಂತೆತ್ಸು ರೈಲು ಹತ್ತಿದರೆ ಸುಮಾರು ಮುಕ್ಕಾಲು ಗಂಟೆ. ಸ್ಟೇಷನ್ ಹತ್ತಿರವೇ ಬಾಡಿಗೆ ಸೈಕಲ್ ಸಿಗುತ್ತದೆ. ಏರು ಜಾಸ್ತಿ, ಬ್ಯಾಟರಿ ಸೈಕಲ್ಲೇ ತಗೋ, ನಾಚಿಕೆ ಬೇಡ.

ನಾರಾ ರಾಜಧಾನಿಯಾಗುವ ಮೊದಲು, 7ನೇ ಶತಮಾನದ ಬಹುಪಾಲು, ಅರಮನೆಗಳಿದ್ದದ್ದು ಇಲ್ಲೇ. ಮರದ ಅರಮನೆಗಳು ಹೋದವು, ಈಗ ಎಲ್ಲಿ ನೋಡಿದರೂ ಗದ್ದೆ. ಆ ನೋಟ ಕೆಡಬಾರದೆಂದು 1980ರಲ್ಲಿ ಕಾನೂನೇ ಮಾಡಿದ್ದಾರೆ.

ಮೊದಲು ಇಶಿಬುತೈಗೆ ಹೋಗು. ಸೊಗಾ ನೊ ಉಮಾಕೋ ಎಂಬ ದೊಡ್ಡ ಮಂತ್ರಿಯ ಸಮಾಧಿ ಇರಬಹುದು ಅನ್ನುತ್ತಾರೆ. ಮೇಲೆ ಮುಚ್ಚಿದ್ದ ಮಣ್ಣು ಎಂದೋ ಹೋಗಿ ಬಂಡೆಗಳು ಬಯಲಾಗಿವೆ. ಒಳಗೆ ಇಳಿದು ನಿಲ್ಲಬಹುದು. ಗೋಡೆಗೆ ಕೈಯಿಟ್ಟರೆ ತಣ್ಣಗಿರುತ್ತದೆ. ಬಂಡೆಗಳ ಸಂದಿಯಲ್ಲಿ ಬೆಳಕು ಬೀಳುತ್ತದೆ. ತಲೆಯ ಮೇಲಿರುವ ದೊಡ್ಡ ಕಲ್ಲು ಸುಮಾರು 77 ಟನ್. ಅದು ಗೊತ್ತಾದ ಮೇಲೆ ನಾನು ಜಾಸ್ತಿ ಹೊತ್ತು ನಿಲ್ಲಲಿಲ್ಲ!

ಇದೇ ಉಮಾಕೋ ಕಟ್ಟಿಸಿದ್ದು ಅಸುಕದೆರಾ ದೇವಾಲಯ. ಅಲ್ಲಿನ ಕಂಚಿನ ಬುದ್ಧನನ್ನು ಎರಕ ಹೊಯ್ದದ್ದು 609ರಲ್ಲಿ. 1196ರ ಬೆಂಕಿಯಲ್ಲಿ ಬೆಂದು, ತೇಪೆ ಹಾಕಿಸಿಕೊಂಡು ಕೂತಿದ್ದಾನೆ. ಹತ್ತಿರ ಹೋದರೆ ಮುಖದ ಮೇಲೆ ಬೆಸುಗೆಯ ಗೆರೆಗಳು ಕಾಣುತ್ತವೆ. ನುಣುಪಾದ ಬುದ್ಧರಿಗಿಂತ ನನಗೆ ಇವನೇ ಇಷ್ಟ. ದೇವಾಲಯದ ಹಿಂದೆ ಗದ್ದೆಯಂಚಿನಲ್ಲಿ ಒಂದು ಪುಟ್ಟ ಕಲ್ಲಿನ ಗುರುತಿದೆ. 645ರಲ್ಲಿ ಇರುಕಾ ಎಂಬವನನ್ನು ಅರಮನೆಯಲ್ಲೇ ಕಡಿದು ಕೊಂದಾಗ ಅವನ ತಲೆ ಹಾರಿ ಬಂದು ಇಲ್ಲಿ ಬಿತ್ತಂತೆ. ಇರುಕಾ ಯಾರು ಗೊತ್ತಾ? ಉಮಾಕೋನ ಮೊಮ್ಮಗ. ತಾತನ ಸಮಾಧಿಯಿಂದ ಮೊಮ್ಮಗನ ತಲೆಯವರೆಗೆ, ಸೈಕಲ್ಲಿನಲ್ಲಿ ಸ್ವಲ್ಪವೇ ದೂರ.

ತಕಮತ್ಸುಜುಕ ಸಮಾಧಿಯಲ್ಲಿ 1972ರಲ್ಲಿ ಬಣ್ಣದ ಚಿತ್ರಗಳು ಸಿಕ್ಕವು. ಬೂಸ್ಟು ಹಿಡಿದು ಕೊನೆಗೆ ಕಲ್ಲಿನ ಕೋಣೆಯನ್ನೇ ಬಿಚ್ಚಬೇಕಾಯಿತು. ಪಕ್ಕದಲ್ಲಿ ಇಟ್ಟಿರುವುದು ನಕಲು. ಸಮಯವಿದ್ದರೆ ನೋಡು, ಅಷ್ಟೇ.

ಆಮೆಕಲ್ಲನ್ನು ಮಾತ್ರ ಬಿಡಬೇಡ. ಮನೆಗಳ ಪಕ್ಕದಲ್ಲೇ ಸುಮ್ನೆ ಮಲಗಿದೆ. ಯಾರು, ಯಾಕೆ ಕೆತ್ತಿದರೋ ಯಾರಿಗೂ ಗೊತ್ತಿಲ್ಲ. ಅದು ಪಶ್ಚಿಮಕ್ಕೆ ತಿರುಗಿದ ದಿನ ಈ ಬಯಲೆಲ್ಲ ಕೆಸರಿನ ಕಡಲಾಗುತ್ತದಂತೆ. ಈಗ ಅದರ ಮುಖ ನೈಋತ್ಯಕ್ಕಿದೆ, ಹೆಚ್ಚೇನೂ ಬಾಕಿ ಇಲ್ಲ!

ಸೆಪ್ಟೆಂಬರ್ ಕೊನೆಗೆ ರಜೆ ಸಿಗುತ್ತಾ? ಆಗ ಇನಬುಚಿಯ ಮೆಟ್ಟಿಲುಗದ್ದೆಗಳ ಬದುಗಳಲ್ಲಿ ಹಿಗನ್‌ಬಾನಾ ಹೂ ಕೆಂಪಗೆ ಅರಳಿರುತ್ತದೆ. ಟಿಕೆಟ್ ನೋಡಿ ಬೇಗ ತಿಳಿಸು.

ನಿನ್ನ ಗೆಳೆಯ