ಕಾರಿಗೆ ಹೊಸ ಸಾಧನ ಕೂರಿಸುವ ಮುನ್ನ ಆಂಪಿಯರ್ ಲೆಕ್ಕ ಬೇಡವೇ?

ಮಾನ್ಯ ಸಂಪಾದಕರೇ,

ಹೊಸ ಕಾರಿನ ಚಕ್ರದಡಿ ನಿಂಬೆಹಣ್ಣು ಇಟ್ಟು ಪೂಜೆ ಮುಗಿಸಿದ ಮರುದಿನವೇ ಅದನ್ನು ಆಕ್ಸೆಸರಿ ಅಂಗಡಿಯ ಮುಂದೆ ತಂದು ನಿಲ್ಲಿಸುವುದು ನಮ್ಮಲ್ಲಿ ವಾಡಿಕೆಯಾಗಿದೆ. ದೊಡ್ಡ ಪರದೆಯ ಸ್ಟೀರಿಯೊ, ಡಿಕ್ಕಿಯಲ್ಲಿ ಸಬ್‌ವೂಫರ್, ಅದಕ್ಕೊಂದು ಆಂಪ್ಲಿಫೈಯರ್, ಬಂಪರ್ ಮೇಲೆ ಹೆಚ್ಚುವರಿ ದೀಪಗಳು, ಹಿಂದೆ ಮುಂದೆ ಡ್ಯಾಶ್‌ಕ್ಯಾಮ್ ಎಂದು ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಬೆಲೆ, ವಾಟ್, ವಾರಂಟಿ ಎಲ್ಲದರ ಬಗ್ಗೆಯೂ ಚೌಕಾಸಿ ನಡೆಯುತ್ತದೆ. ಇಷ್ಟನ್ನೂ ಹೊರುವ ಶಕ್ತಿ ಆ ಕಾರಿನ ಆಲ್ಟರ್ನೇಟರಿನಲ್ಲಿ, ಅಂದರೆ ಎಂಜಿನ್ ತಿರುಗಿಸುವ ವಿದ್ಯುತ್ ಉತ್ಪಾದಕದಲ್ಲಿ, ಉಳಿದಿದೆಯೇ ಎಂಬುದನ್ನು ಮಾತ್ರ ಕೊಳ್ಳುವವರು ಕೇಳುವುದಿಲ್ಲ, ಮಾರುವವರು ಹೇಳುವುದಿಲ್ಲ. ಈ ವಿಷಯದತ್ತ ಓದುಗರ ಮತ್ತು ಸಾರಿಗೆ ಇಲಾಖೆಯ ಗಮನ ಸೆಳೆಯಲು ಈ ಪತ್ರ ಬರೆಯುತ್ತಿದ್ದೇನೆ.

ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ ವಾಹನಗಳ ವಿದ್ಯುತ್ ಭಾಗವನ್ನು ಕಲಿಸಿ ನಿವೃತ್ತನಾಗಿರುವ ನನ್ನ ಬಳಿಗೆ ಪರಿಚಿತರು ತರುವ ದೂರು ಹೆಚ್ಚುಕಡಿಮೆ ಒಂದೇ: ಬ್ಯಾಟರಿ ಬೇಗ ಇಳಿಯುತ್ತಿದೆ, ಬೆಳಿಗ್ಗೆ ಸೆಲ್ಫ್ ಹಿಡಿಯುತ್ತಿಲ್ಲ. ಅವರಿಗೆ ಅದಾಗಲೇ ಸಿಕ್ಕಿರುವ ಸಲಹೆಯೂ ಒಂದೇ: ದೊಡ್ಡ ಬ್ಯಾಟರಿ ಹಾಕಿಸಿ. ಈ ಸಲಹೆ ಬಹುಪಾಲು ಸಂದರ್ಭಗಳಲ್ಲಿ ತಪ್ಪು. ಎಂಜಿನ್ ಓಡುತ್ತಿರುವಾಗ ಕಾರಿಗೆ ವಿದ್ಯುತ್ ಒದಗಿಸುವುದು ಆಲ್ಟರ್ನೇಟರ್. ಎಂಜಿನ್ ಚಾಲೂ ಮಾಡುವುದು ಮತ್ತು ಆಗೊಮ್ಮೆ ಈಗೊಮ್ಮೆ ಬೀಳುವ ಕೊರತೆಯನ್ನು ತುಂಬಿಕೊಡುವುದು ಬ್ಯಾಟರಿಯ ಕೆಲಸ. ಬೋರ್‌ವೆಲ್‌ನಲ್ಲಿ ಬರುವ ನೀರು ಅಷ್ಟೇ ಇರುವಾಗ ಮಹಡಿಯ ಮೇಲೆ ದೊಡ್ಡ ಟ್ಯಾಂಕ್ ಕೂರಿಸಿದರೆ ಮನೆಗೆ ದಿನಕ್ಕೆ ಸಿಗುವ ನೀರು ಹೆಚ್ಚುವುದಿಲ್ಲ; ಬರಿದಾಗಲು ಸ್ವಲ್ಪ ಹೊತ್ತು ಹೆಚ್ಚು ಹಿಡಿಯುತ್ತದೆ, ಮತ್ತೆ ತುಂಬಲೂ ಅಷ್ಟೇ. ಎಂಜಿನ್ ನಿಲ್ಲಿಸಿ ಗಂಟೆಗಟ್ಟಲೆ ಹಾಡು ಕೇಳುವವರಿಗೆ ದೊಡ್ಡ ಬ್ಯಾಟರಿ ಉಪಯೋಗಕ್ಕೆ ಬರುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಓಡುವಾಗಲೇ ಕೊರತೆ ಬೀಳುವ ಕಾರಿನಲ್ಲಿ ಅದು ಎಂದೂ ಪೂರ್ತಿ ಚಾರ್ಜ್ ಆಗದೆ, ಒಳಗಿನ ಸೀಸದ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕುಳಿತು, ಹಳೆಯದಕ್ಕಿಂತಲೂ ಬೇಗ ಕೆಡಬಹುದು.

ಸಣ್ಣ ಪೆಟ್ರೋಲ್ ಕಾರುಗಳಲ್ಲಿರುವ ಆಲ್ಟರ್ನೇಟರಿನ ಸಾಮರ್ಥ್ಯ ಸಾಮಾನ್ಯವಾಗಿ 60ರಿಂದ 90 ಆಂಪಿಯರ್ (ಆಂಪಿಯರ್ ಎಂದರೆ ಹರಿಯುವ ಕರೆಂಟಿನ ಅಳತೆ). ನಮ್ಮ ಲೆಕ್ಕಕ್ಕೆ 75 ಎಂದು ಇಟ್ಟುಕೊಳ್ಳೋಣ. ಅದು ಆಲ್ಟರ್ನೇಟರ್ ಪೂರ್ಣ ವೇಗದಲ್ಲಿ ತಿರುಗುವಾಗಿನ ಅಂಕಿ. ಕಾರು ನಿಂತು ಎಂಜಿನ್ ಮಾತ್ರ ನಿಮಿಷಕ್ಕೆ 800 ಸುತ್ತಿನ ಐಡ್ಲಿಂಗ್‌ನಲ್ಲಿರುವಾಗ ಅದರ ಅರ್ಧದಷ್ಟು ಬಂದರೆ ಪುಣ್ಯ. ಈಗ ಮಳೆಗಾಲದ ರಾತ್ರಿ ಶಿರಾಡಿ ಘಾಟಿಯಲ್ಲಿ ಮುಂದೆಲ್ಲೋ ಲಾರಿ ಕೆಟ್ಟು, ಸಾಲಾಗಿ ನಿಂತ ವಾಹನಗಳ ನಡುವೆ ಇಂತಹದೊಂದು ಕಾರು ಇದೆ ಎನ್ನಿ. ಇಗ್ನಿಷನ್, ಇಂಧನ ಪಂಪ್ ಮತ್ತು ಎಂಜಿನ್ ನಿಯಂತ್ರಣಕ್ಕೆ ಸುಮಾರು 10 ಆಂಪಿಯರ್, 55 ವಾಟ್‌ನ ಎರಡು ಹೆಡ್‌ಲೈಟ್ ಮತ್ತು ಹಿಂದಿನ ದೀಪಗಳಿಗೆ 12, ಗಾಜಿನ ಮಂಜು ಬಿಡಿಸಲು ಜೋರಾಗಿ ಹಾಕಿದ ಬ್ಲೋವರ್‌ಗೆ 12, ಎ.ಸಿ. ಚಾಲೂ ಇರುವುದರಿಂದ ರೇಡಿಯೇಟರ್ ಫ್ಯಾನಿಗೆ 12, ಹಿಂದಿನ ಗಾಜಿನ ಮಂಜು ಬಿಡಿಸುವ ಡಿಫಾಗರ್‌ಗೆ 12, ವೈಪರಿಗೆ 5. ಎಲ್ಲ ಕೂಡಿದರೆ 63, ಬರುತ್ತಿರುವುದೋ ಹೆಚ್ಚೆಂದರೆ 37. ಹೊರಗಿನಿಂದ ತಂದ ಒಂದೇ ಒಂದು ಸಾಧನವನ್ನೂ ಜೋಡಿಸದೆ ಬಂದ ಅಂಕಿ ಇದು. ಫ್ಯಾನ್ ಆಗಾಗ ನಿಲ್ಲುತ್ತದೆ, ಡಿಫಾಗರ್ ಕೆಲವು ಕಾರುಗಳಲ್ಲಿ ತಾನಾಗಿಯೇ ಬಂದ್ ಆಗುತ್ತದೆ, ಆದ್ದರಿಂದ ನಿಜವಾದ ಎಳೆತ ಇದಕ್ಕಿಂತ ಕಡಿಮೆ ಇರಬಹುದು. ಹಾಗಿದ್ದರೂ ನಿಂತ ಕಾರಿನಲ್ಲಿ ಕೊರತೆಯನ್ನು ತುಂಬುತ್ತಿರುವುದು 35 ಆಂಪಿಯರ್-ಗಂಟೆಯ, ಅಂದರೆ ಒಂದು ಆಂಪಿಯರನ್ನು 35 ಗಂಟೆ ಕೊಡಬಲ್ಲ, ಪುಟ್ಟ ಬ್ಯಾಟರಿ. ಇದರ ಮೇಲೆ 100 ವಾಟ್‌ನ ದೀಪದ ಪಟ್ಟಿಯೊಂದನ್ನು ಕೂರಿಸಿದರೆ ಇನ್ನೂ 7 ಆಂಪಿಯರ್ (ವಾಟನ್ನು ವೋಲ್ಟ್‌ನಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ). ಆಲ್ಟರ್ನೇಟರ್ ಬಾಯಿಬಿಟ್ಟು ಬೇಡ ಎನ್ನುವುದಿಲ್ಲ. ವೋಲ್ಟೇಜ್ ಇಳಿಯುತ್ತದೆ, ಆಲ್ಟರ್ನೇಟರಿನೊಳಗೆ ಕರೆಂಟನ್ನು ಒಂದೇ ದಿಕ್ಕಿಗೆ ಹರಿಸುವ ಡಯೋಡ್‌ಗಳು ಬಿಸಿಯೇರುತ್ತವೆ, ತಿಂಗಳುಗಳ ನಂತರ ಯಾವುದೋ ಊರಿನಲ್ಲಿ ಕೆಟ್ಟು ನಿಂತಾಗ ಅದಕ್ಕೂ ದೀಪಕ್ಕೂ ಸಂಬಂಧವಿದೆಯೆಂದು ಯಾರಿಗೂ ಹೊಳೆಯುವುದಿಲ್ಲ.

ಆಡಿಯೊ ಸಾಧನಗಳ ವಿಷಯದಲ್ಲಂತೂ ಪೆಟ್ಟಿಗೆಯ ಮೇಲಿನ ಅಂಕಿಯನ್ನು ನಂಬುವಂತೆಯೇ ಇಲ್ಲ. 2000 ವಾಟ್ ಎಂದು ಮುದ್ರಿಸಿದ ಆಂಪ್ಲಿಫೈಯರ್ ನಿಜವಾಗಿ ಅಷ್ಟನ್ನು ಕೊಡುವುದಾದರೆ, ನಷ್ಟವನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, ಎಂಜಿನ್ ಓಡುವಾಗಿನ 13.8 ವೋಲ್ಟ್‌ನಲ್ಲಿ 145 ಆಂಪಿಯರ್ ಬೇಕು. ಅದನ್ನು ಕೊಡುವ ಆಲ್ಟರ್ನೇಟರ್ ನಮ್ಮ ಸಣ್ಣ ಕಾರುಗಳಲ್ಲಿ ಇಲ್ಲ. ನಿಜ ತಿಳಿಯಬೇಕೆಂದರೆ ಆಂಪ್ಲಿಫೈಯರಿನ ಮೈಮೇಲೆ ಇರುವ ಫ್ಯೂಸ್ ನೋಡಬೇಕು. ಅಲ್ಲಿ 30 ಆಂಪಿಯರ್ ಫ್ಯೂಸ್ ಇದ್ದರೆ ಅದು ಎಳೆಯುವುದು ಹೆಚ್ಚೆಂದರೆ 414 ವಾಟ್. ದಕ್ಷತೆ ಚೆನ್ನಾಗಿರುವ ಡಿ ದರ್ಜೆಯದಾದರೂ ಸ್ಪೀಕರಿಗೆ ತಲುಪುವುದು ಸುಮಾರು 330 ವಾಟ್. ಸಂಗೀತದಲ್ಲಿ ಏರಿಳಿತ ಇರುವುದರಿಂದ ಸರಾಸರಿ ಎಳೆತ ಆ ಗರಿಷ್ಠದ ಮೂರನೆಯ ಒಂದು ಭಾಗ ಅಥವಾ ಇನ್ನೂ ಕಡಿಮೆ ಎಂಬುದು ಸಮಾಧಾನದ ಸಂಗತಿ. ಬಾಸ್ ಹೊಡೆದಾಗ ಹೆಡ್‌ಲೈಟ್ ಮಂಕಾದರೆ, ವಿದ್ಯುತ್ತನ್ನು ಕ್ಷಣಕಾಲ ಕೂಡಿಟ್ಟು ಕೊಡುವ 1 ಫ್ಯಾರಡ್ ಕೆಪಾಸಿಟರ್ ಹಾಕಿಸಿ ಎಂದು ಕೆಲವರು ಹೇಳುತ್ತಾರೆ. 14 ವೋಲ್ಟ್‌ನಿಂದ 12ಕ್ಕೆ ಇಳಿಯುವಷ್ಟರಲ್ಲಿ ಅದು ಬಿಟ್ಟುಕೊಡುವ ಶಕ್ತಿ 26 ಜೌಲ್ ಮಾತ್ರ. 500 ವಾಟ್ ಎಳೆಯುವ ಆಂಪ್ಲಿಫೈಯರಿಗೆ ಅದು ಸೆಕೆಂಡಿನ 20ನೆಯ ಒಂದು ಭಾಗಕ್ಕೆ ಸಾಕಾಗುತ್ತದೆ. ಅದಕ್ಕೆ ತೆರುವ ದುಡ್ಡಿನಲ್ಲಿ ಒಳ್ಳೆಯ ತಾಮ್ರದ ವೈರ್ ಕೊಳ್ಳುವುದು ಲೇಸು.

ವೈರಿನ ಮಾತು ಬಂದದ್ದರಿಂದ ಹೇಳುತ್ತೇನೆ, ಸಾಮರ್ಥ್ಯದ ಕೊರತೆಯಿಂದ ಕಾರು ನಿಲ್ಲುತ್ತದೆ, ವೈರಿಂಗ್ ತಪ್ಪಿನಿಂದ ಕಾರು ಸುಡುತ್ತದೆ. ಮುಂದಿನ ಬ್ಯಾಟರಿಯಿಂದ ಡಿಕ್ಕಿಯವರೆಗೆ 5 ಮೀಟರ್ ಉದ್ದದ 2.5 ಚದರ ಮಿಲಿಮೀಟರ್ ತಾಮ್ರದ ವೈರಿನಲ್ಲಿ 30 ಆಂಪಿಯರ್ ಹರಿದರೆ ದಾರಿಯಲ್ಲೇ 1 ವೋಲ್ಟ್ ಕಳೆದುಹೋಗುತ್ತದೆ. 30 ವಾಟ್ ಶಾಖ ಕಾರ್ಪೆಟ್ಟಿನ ಕೆಳಗೆ ಹುಟ್ಟುತ್ತದೆ. ಅದೇ ಜಾಗದಲ್ಲಿ 16 ಚದರ ಮಿಲಿಮೀಟರಿನ ವೈರ್ ಇದ್ದರೆ ನಷ್ಟ 0.2 ವೋಲ್ಟ್ ಕೂಡ ಆಗುವುದಿಲ್ಲ. ಅಗ್ಗದ ವೈರಿಂಗ್ ಕಿಟ್‌ಗಳಲ್ಲಿ ಬರುವುದು ಅನೇಕ ವೇಳೆ ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ನೋಡಲು ದಪ್ಪ, ಕರೆಂಟ್ ಒಯ್ಯುವುದು ಕಡಿಮೆ. ಇನ್ನು ಫ್ಯೂಸ್ ಇರುವುದು ಸಾಧನವನ್ನು ಉಳಿಸಲು ಎಂಬ ತಪ್ಪು ತಿಳಿವಳಿಕೆ ಮೆಕ್ಯಾನಿಕ್‌ಗಳಲ್ಲೂ ಇದೆ. ಫ್ಯೂಸ್ ಮೊದಲು ಕಾಯುವುದು ವೈರನ್ನು. ಆದ್ದರಿಂದ ಅದು ಬ್ಯಾಟರಿಯ ಟರ್ಮಿನಲ್‌ಗೆ ಒಂದು ಗೇಣಿನ ಒಳಗೇ ಇರಬೇಕು. ಡಿಕ್ಕಿಯಲ್ಲಿ ಮಾತ್ರ ಫ್ಯೂಸ್ ಹಾಕಿದರೆ, ನಡುದಾರಿಯಲ್ಲಿ ಬಾಡಿಯ ತಗಡು ತಾಗಿ ಇನ್ಸುಲೇಷನ್ ಕಿತ್ತಾಗ ಆ ಫ್ಯೂಸಿಗೆ ಸುದ್ದಿಯೇ ಮುಟ್ಟುವುದಿಲ್ಲ. ಕೆಂಪು ಬಣ್ಣದ 10 ಆಂಪಿಯರ್ ಫ್ಯೂಸ್ ಪದೇಪದೇ ಹೋಗುತ್ತದೆಂದು ಹಸಿರು ಬಣ್ಣದ 30ನ್ನು ತುರುಕುವವರನ್ನು ನೋಡಿದ್ದೇನೆ. ಸಿಗರೇಟು ಪ್ಯಾಕಿನ ಬೆಳ್ಳಿಹಾಳೆ ಸುತ್ತುವವರನ್ನೂ ನೋಡಿದ್ದೇನೆ. ಹೆಡ್‌ಲೈಟಿನ ವೈರಿಗೇ ಟ್ಯಾಪ್ ಹಾಕಿ ಹೆಚ್ಚುವರಿ ದೀಪ ಉರಿಸುವುದೂ ಇದೇ ಜಾತಿಯ ಅಪಾಯ. ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಸ್ವಿಚ್ಚು) ಮೂಲಕ ಬ್ಯಾಟರಿಯಿಂದ ಬೇರೆಯೇ ಲೈನ್ ಎಳೆದರೆ ಹಳೆಯ ಸ್ವಿಚ್ಚಿನ ಮೇಲೆ ಭಾರ ಬೀಳುವುದಿಲ್ಲ.

ಕಾರು ನಿಂತಿರುವಾಗಿನ ಸೋರಿಕೆ ಬೇರೆಯೇ ಬಗೆಯದು. ಪಾರ್ಕಿಂಗ್ ಮೋಡ್‌ನಲ್ಲಿದ್ದು, ಎಂಜಿನ್ ನಿಂತಾಗಲೂ ಚಿತ್ರೀಕರಿಸುವ ಡ್ಯಾಶ್‌ಕ್ಯಾಮ್ 0.4 ಆಂಪಿಯರ್ ಎಳೆಯುತ್ತದೆ ಎಂದುಕೊಂಡರೂ ದಿನಕ್ಕೆ ಸುಮಾರು 10 ಆಂಪಿಯರ್-ಗಂಟೆ ಆಯಿತು. ಮೂರು ದಿನ ಊರಿಗೆ ಹೋಗಿ ಬರುವಷ್ಟರಲ್ಲಿ 35ರ ಬ್ಯಾಟರಿ ಬಹುತೇಕ ಬರಿದು. ವೋಲ್ಟೇಜ್ 12.2ರ ಆಸುಪಾಸಿಗೆ ಇಳಿದೊಡನೆ ಕ್ಯಾಮೆರಾವನ್ನು ತಾನಾಗಿ ಬಂದ್ ಮಾಡುವ ಸಾಧನಗಳು ಸಿಗುತ್ತವೆ, ಆದರೆ ಗಿರಾಕಿ ಕೇಳದೆ ಅಂಗಡಿಯವರು ಹಾಕುವುದಿಲ್ಲ.

ಇತ್ತೀಚಿನ ಅನೇಕ ಕಾರುಗಳಲ್ಲಿ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಮೇಲೆ ವಿದ್ಯುತ್ ಅಳೆಯುವ ಸೆನ್ಸರ್ ಇರುತ್ತದೆ. ಹೊಸ ಸಾಧನದ ಅರ್ತ್ ವೈರನ್ನು (ಕರೆಂಟ್ ಮರಳುವ ವೈರನ್ನು) ನೇರವಾಗಿ ಆ ಟರ್ಮಿನಲ್‌ಗೆ ಕಟ್ಟಿದರೆ ಅದು ಎಳೆಯುವ ಕರೆಂಟ್ ಸೆನ್ಸರಿನ ಲೆಕ್ಕಕ್ಕೇ ಬಾರದೆ, ಚಾರ್ಜಿಂಗ್ ಹದ ತಪ್ಪುತ್ತದೆ. ಅರ್ತ್ ಹೋಗಬೇಕಾದದ್ದು ಕಾರಿನ ಲೋಹದ ಮೈಗೆ, ಅದೂ ಬಣ್ಣ ಕೆರೆದ ಜಾಗಕ್ಕೆ. ವಿದ್ಯುತ್ ಚಾಲಿತ ಕಾರುಗಳೂ ಇದರಿಂದ ಹೊರತಲ್ಲ. ಅವುಗಳಲ್ಲೂ ದೀಪ, ಸ್ಟೀರಿಯೊ ನಡೆಯುವುದು 12 ವೋಲ್ಟ್ ಬ್ಯಾಟರಿಯಿಂದಲೇ, ಅದನ್ನು ತುಂಬುವ ಪರಿವರ್ತಕಕ್ಕೂ ಮಿತಿ ಉಂಟು.

ಹೊಸದಾಗಿ ಏನನ್ನೇ ಹಾಕಿಸಿದವರು ಅಂಗಡಿಯಿಂದ ಹೊರಡುವ ಮೊದಲು ಒಂದು ಪರೀಕ್ಷೆಗೆ ಒತ್ತಾಯಿಸಲಿ. ಹೆಡ್‌ಲೈಟ್, ಬ್ಲೋವರ್ ಮತ್ತು ಹೊಸ ಸಾಧನ ಎಲ್ಲವನ್ನೂ ಹಾಕಿ, ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಬ್ಯಾಟರಿಯ ಮೇಲೆ ಮಲ್ಟಿಮೀಟರ್ ಹಿಡಿಯಬೇಕು. ಮಾಮೂಲಿ ಆಲ್ಟರ್ನೇಟರ್ ಇರುವ ಕಾರಿನಲ್ಲಿ 12.6 ವೋಲ್ಟ್‌ಗಿಂತ ಕೆಳಗೆ ತೋರಿಸಿದರೆ ಬ್ಯಾಟರಿ ಕೊಡುತ್ತಿದೆ, ಪಡೆಯುತ್ತಿಲ್ಲ ಎಂದೇ ಅರ್ಥ.

ಕಾನೂನಿನ ಗಮನವೆಲ್ಲ ಕಣ್ಣಿಗೆ ಕಾಣುವ ಬದಲಾವಣೆಗಳ ಮೇಲಿದೆ. ಮೋಟಾರು ವಾಹನ ಕಾಯ್ದೆ 1988ರ 52ನೆಯ ಸೆಕ್ಷನ್ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ; ಕಣ್ಣು ಕುಕ್ಕುವ ದೀಪಗಳಿಗೆ ಪೊಲೀಸರು ದಂಡ ಹಾಕುವುದೂ ಸರಿಯೇ. ಡ್ಯಾಶ್‌ಬೋರ್ಡಿನ ಹಿಂದೆ ಟೇಪ್ ಸುತ್ತಿದ ಜೋಡಣೆಯನ್ನು ನೋಡುವವರು ಯಾರು? ಆಕ್ಸೆಸರಿ ಬಿಲ್ಲಿನಲ್ಲಿ ಸಾಧನ ಎಳೆಯುವ ಗರಿಷ್ಠ ಆಂಪಿಯರ್, ಬಳಸಿದ ವೈರಿನ ಅಳತೆ, ಫ್ಯೂಸ್ ಎಷ್ಟರದು ಮತ್ತು ಎಲ್ಲಿದೆ ಎಂಬುದನ್ನು ಬರೆಯುವುದನ್ನು ಕಡ್ಡಾಯ ಮಾಡಬೇಕೆಂದು ನನ್ನ ಕೋರಿಕೆ. ಪಾಲಿಸಿಯಲ್ಲಿ ಪ್ರತ್ಯೇಕವಾಗಿ ನಮೂದಿಸದ, ಹೊರಗಿನಿಂದ ಹಾಕಿಸಿದ ವಿದ್ಯುತ್ ಸಾಧನಗಳಿಗೆ ವಿಮೆಯ ರಕ್ಷಣೆ ಸಿಗುವುದಿಲ್ಲವಾದ್ದರಿಂದ ಅಂತಹ ಬಿಲ್ ಮಾಲೀಕರಿಗೂ ಬೇಕೇ ಬೇಕು. ಹಳದಿ ಫಲಕದ ಟ್ಯಾಕ್ಸಿ, ಬಸ್‌ಗಳಂತಹ ವಾಹನಗಳಿಗೆ ಸ್ಥಳ ಪತ್ತೆ ಸಾಧನ ಮತ್ತು ತುರ್ತು ಗುಂಡಿಯನ್ನು ಕಡ್ಡಾಯ ಮಾಡಿರುವ ಸಾರಿಗೆ ಇಲಾಖೆಯೇ ಇದಕ್ಕೆ ಮೊದಲ ಹೆಜ್ಜೆ ಇಡಬಹುದು: ಸಾಧನ ಅಳವಡಿಸಿದ ಪ್ರಮಾಣಪತ್ರದಲ್ಲಿ ಅದಕ್ಕೆ ಯಾವ ಫ್ಯೂಸಿನಿಂದ ವಿದ್ಯುತ್ ತೆಗೆದಿದೆ ಎಂಬ ಒಂದು ಸಾಲು ಸೇರಿಸಿ, ಅರ್ಹತಾ ಪತ್ರದ (ಎಫ್.ಸಿ.) ನವೀಕರಣದ ವೇಳೆ ಇನ್‌ಸ್ಪೆಕ್ಟರರು ಆ ಫ್ಯೂಸನ್ನು ತೆಗೆದು ನೋಡುವಂತೆ ಸೂಚಿಸಲಿ.

ಇಂತಿ,
ವಾಹನ ವಿದ್ಯುತ್ ವಿಭಾಗದ ನಿವೃತ್ತ ಬೋಧಕ, ಹಾಸನ